ಹಿರಿಯರ ಕೈಗೆ ಮೊಬೈಲ್ ಕೊಟ್ಟೆವು, ಸಮಯ ಕೊಟ್ಟೆವೇ?

(ಮಸೀದಿ ಜಮಾಅತ್ ಒಂದರ ಕುಟುಂಬ ಸಂಗಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ವಹಿಸಲಾಗಿರುವ ವಿಷಯ 'ಹಿರಿಯರು ಮತ್ತು ಹೊಸ ತಂತ್ರಜ್ಞಾನ'. ಈ ವಿಷಯ ಕೇಳಿದೊಡನೆ ಯುವಕರ ತುಟಿಯಲ್ಲಿ ಒಂದು ನಗು ಮೂಡುತ್ತದೆ. ಅಜ್ಜನಿಗೆ ಒಟಿಪಿ ಎಂದರೇನೆಂದು ತಿಳಿಯದು, ಅಜ್ಜಿ ವೀಡಿಯೊ ಕರೆ ಬಂದಾಗ ಮೊಬೈಲನ್ನು ಕಿವಿಗೆ ಹಿಡಿಯುತ್ತಾರೆ ಎಂಬಂತಹ ತಮಾಷೆಗಳು ಪ್ರತಿ ಮನೆಯಲ್ಲೂ ಇವೆ. ನಕ್ಕು ಮುಗಿಸಬಹುದಾದ ವಿಷಯ ಇದಾಗಿದ್ದರೆ ಇಷ್ಟು ಜನರು ಇಲ್ಲಿ ಸೇರುವ ಅಗತ್ಯವಿರಲಿಲ್ಲ. ಇಂದು ಹಿರಿಯರ ಪಿಂಚಣಿ, ಪಡಿತರ, ಬ್ಯಾಂಕ್ ಖಾತೆ, ಹಜ್ಜ್ ಅರ್ಜಿ, ಕೊನೆಗೆ ನಮ್ಮ ಮಸೀದಿಯ ವಕ್ಫ್ ದಾಖಲೆಯೂ ಒಂದು ಪರದೆಯೊಳಗೆ ಸೇರಿಕೊಂಡಿವೆ. ಆ ಪರದೆಯ ಮುಂದೆ ಒಬ್ಬ ವೃದ್ಧರು ಅಸಹಾಯಕರಾಗಿ ನಿಂತರೆ, ಅವರು ಕಳೆದುಕೊಳ್ಳುವುದು ಒಂದು ಸೌಲಭ್ಯವನ್ನಷ್ಟೇ ಅಲ್ಲ, ಒಂದು ಜೀವಮಾನದ ಸ್ವಾಭಿಮಾನವನ್ನು.

ಹಿರಿಯರು ಹೊಸತನ್ನು ವಿರೋಧಿಸುತ್ತಾರೆ ಎಂಬುದು ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆ. ನಮ್ಮ ಇತಿಹಾಸವು ಅದಕ್ಕೆ ವ್ಯತಿರಿಕ್ತವಾದ ಸಾಕ್ಷ್ಯವನ್ನು ನೀಡುತ್ತದೆ.

ಹುದೈಬಿಯಾ ಒಪ್ಪಂದದ ಬಳಿಕ ಪ್ರವಾದಿ ಮುಹಮ್ಮದ್(ಸ)ರು ನೆರೆಯ ಅರಸರಿಗೆ ಪತ್ರ ಬರೆಸಲು ನಿರ್ಧರಿಸಿದರು. ಆಗ ಅವರ ವಯಸ್ಸು ಸುಮಾರು ಐವತ್ತೆಂಟು. ಮುದ್ರೆಯಿಲ್ಲದ ಪತ್ರವನ್ನು ಆ ಅರಸರು ಸ್ವೀಕರಿಸುವುದಿಲ್ಲ ಎಂದು ಅವರಿಗೆ ತಿಳಿಸಲಾಯಿತು. ನನ್ನ ಮಾತಿಗೇಕೆ ಮುದ್ರೆ ಎಂದು ಅವರು ಕೇಳಲಿಲ್ಲ. ಬೆಳ್ಳಿಯ ಉಂಗುರವನ್ನು ಮಾಡಿಸಿ, ಅದರಲ್ಲಿ 'ಮುಹಮ್ಮದ್ ರಸೂಲುಲ್ಲಾಹ್' ಎಂದು ಕೆತ್ತಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ದೃಢೀಕರಣದ ಒಂದು ತಂತ್ರಜ್ಞಾನ. ಬೇರೊಂದು ವ್ಯವಸ್ಥೆಯೊಂದಿಗೆ ವ್ಯವಹರಿಸಲು ಅದು ಅಗತ್ಯವೆಂದು ಮನವರಿಕೆಯಾದಾಗ ಆ ವಯಸ್ಸಿನಲ್ಲೂ ಅವರು ಅದನ್ನು ತಮ್ಮದಾಗಿಸಿಕೊಂಡರು.

ಇನ್ನೊಂದು ಘಟನೆಯನ್ನು ಗಮನಿಸಿರಿ. ಯಹೂದಿಯರೊಂದಿಗಿನ ಪತ್ರವ್ಯವಹಾರಕ್ಕೆ ವಿಶ್ವಾಸಾರ್ಹ ವ್ಯಕ್ತಿಯೊಬ್ಬರು ಬೇಕಾದಾಗ, ಅವರು ತರುಣರಾಗಿದ್ದ ಝೈದ್ ಬಿನ್ ಸಾಬಿತ್(ರ)ರಿಗೆ ಆ ಲಿಪಿಯನ್ನು ಕಲಿಯಲು ಆದೇಶಿಸಿದರು. ಅರ್ಧ ತಿಂಗಳೊಳಗೆ ಝೈದ್(ರ) ಅದನ್ನು ಕರಗತ ಮಾಡಿಕೊಂಡರು. ಆ ಬಳಿಕ ಬಂದ ಪತ್ರಗಳನ್ನು ಓದಿ ಹೇಳುವವರೂ ಉತ್ತರ ಬರೆಯುವವರೂ ಅವರೇ ಆದರು. ಇಲ್ಲಿ ಒಂದು ಸೂಕ್ಷ್ಮವಿದೆ. ಕೌಶಲ ತರುಣನದ್ದು, ನಿರ್ಧಾರ ಹಿರಿಯರದ್ದು. ಲಿಪಿ ಬಲ್ಲೆನೆಂಬ ಕಾರಣಕ್ಕೆ ಝೈದ್(ರ) ಪತ್ರದ ಒಡೆಯರಾಗಲಿಲ್ಲ. ಹಿರಿಯರ ಮೊಬೈಲನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬ ಯುವಕನಿಗೂ ಇದರಲ್ಲಿ ಪಾಠವಿದೆ.

ನಮ್ಮ ಉಲಮಾಗಳ ಬಗ್ಗೆಯೂ ಇಂತಹುದೇ ಆಕ್ಷೇಪವಿದೆ. ಮೌಲವಿಗಳು ಧ್ವನಿವರ್ಧಕವನ್ನು ವಿರೋಧಿಸಿದವರಲ್ಲವೇ ಎಂದು ಕೇಳುವವರಿದ್ದಾರೆ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ನಮ್ಮ ದೇಶದಲ್ಲಿ ಆ ಚರ್ಚೆ ನಡೆದದ್ದು ನಿಜ. ಆದರೆ ಅವರು ಎತ್ತಿದ್ದ ಪ್ರಶ್ನೆ ಏನಾಗಿತ್ತು? ಯಂತ್ರದಿಂದ ಹೊರಬರುವ ಧ್ವನಿ ಇಮಾಮರ ಸ್ವಂತ ಧ್ವನಿಯೇ ಅಥವಾ ಅದರ ಪ್ರತಿಧ್ವನಿಯೇ ಎಂಬುದು. ಪ್ರತಿಧ್ವನಿಯಾಗಿದ್ದರೆ ಅದನ್ನು ಅನುಸರಿಸಿ ಮಾಡುವ ನಮಾಝ್ ಸಿಂಧುವೇ ಎಂಬುದು. ಮುಫ್ತಿ ಮುಹಮ್ಮದ್ ಶಫೀ ಸಾಹೇಬರು ಮೊದಲು ಅದಕ್ಕೆ ಸಮ್ಮತಿಸಿರಲಿಲ್ಲ. ವಿಜ್ಞಾನ ಬಲ್ಲವರಿಂದ ವಿವರ ಪಡೆದ ನಂತರ ತಮ್ಮ ಅಭಿಪ್ರಾಯವನ್ನು ಬದಲಿಸಿದರು. ಇದು ಮೌಢ್ಯವಲ್ಲ, ವಿಚಾರಣೆ. ಇಂದು ಕೃತಕ ಬುದ್ಧಿಮತ್ತೆಯಿಂದ ಯಾರ ಧ್ವನಿಯನ್ನಾದರೂ ನಕಲು ಮಾಡಬಹುದಾಗಿದೆ. ಮಗನ ಧ್ವನಿಯಲ್ಲಿ ಕರೆ ಮಾಡಿ 'ಉಪ್ಪಾ, ಅಪಘಾತವಾಗಿದೆ, ತಕ್ಷಣ ಹಣ ಕಳಿಸಿ' ಎಂದು ಅಳುವ ವಂಚಕರು ಬಂದಿದ್ದಾರೆ. ಯಂತ್ರದಿಂದ ಬರುವ ಈ ಧ್ವನಿ ನಿಜಕ್ಕೂ ಅವನದ್ದೇ? ಅಂದು ನಕ್ಕವರೆಲ್ಲ ಇಂದು ಆ ಹಳೆಯ ಪ್ರಶ್ನೆಯನ್ನೇ ಕೇಳಬೇಕಾಗಿದೆ.

ಗ್ರಂಥಗಳಿಂದ ನಮ್ಮ ಮನೆಯಂಗಳಕ್ಕೆ ಬರೋಣ. ಕರಾವಳಿಯ ನಮ್ಮ ಊರುಗಳಿಂದ ಯುವಕರು ಗಲ್ಫಿಗೆ ಹೊರಟ ಕಾಲವನ್ನು ಹಿರಿಯರು ಬಲ್ಲರು. ಪತ್ರ ತಲುಪಲು ವಾರಗಳು ಬೇಕಾಗಿದ್ದವು. ಅನೇಕ ತಾಯಂದಿರಿಗೆ ಓದಲು ಬರುತ್ತಿರಲಿಲ್ಲ. ಆಗ ಮಗ ತನ್ನ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದ. ಅಕ್ಷರ ಬಾರದ ತಾಯಿ ಟೇಪ್ ರೆಕಾರ್ಡರ್ ಒತ್ತುವುದನ್ನು ಕಲಿತಳು. ಕೇಳಿ, ಮತ್ತೆ ಹಿಂದಕ್ಕೆ ಸುತ್ತಿ ಕೇಳಿ, ಅದೇ ಕ್ಯಾಸೆಟ್ಟಿನಲ್ಲಿ ತನ್ನ ಉತ್ತರವನ್ನೂ ತುಂಬಿದಳು. ಅದೇ ತಲೆಮಾರಿನವರು ಎಸ್‌ಟಿಡಿ ಬೂತಿನ ಮುಂದೆ ಸಾಲುಗಟ್ಟಿ ನಿಂತರು. ದುಬೈಯಲ್ಲಿ ವಾಟ್ಸಪ್ ಕರೆಗೆ ನಿರ್ಬಂಧವಿದ್ದುದರಿಂದ ಬೋಟಿಮ್ ಎಂಬ ಹೆಸರನ್ನೂ ಕಲಿತರು. ಅವರಿಗೆ ಇದನ್ನು ಯಾವ ತರಬೇತಿ ಶಿಬಿರವೂ ಕಲಿಸಲಿಲ್ಲ. ಯಂತ್ರದ ಆ ಬದಿಯಲ್ಲಿ ಮಗನಿದ್ದ, ಅಷ್ಟೇ. ಪ್ರಯೋಜನ ಕಂಡಲ್ಲಿ, ಪ್ರೀತಿ ಇದ್ದಲ್ಲಿ ಹಿರಿಯರು ಯಾವ ತಂತ್ರಜ್ಞಾನಕ್ಕೂ ಬಾಗಿಲು ಮುಚ್ಚಿಲ್ಲ.

ಹಾಗಾದರೆ ಇಂದು ಅವರೇಕೆ ಹಿಂಜರಿಯುತ್ತಾರೆ? ಎರಡು ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು, ತಪ್ಪಿನ ಬೆಲೆ. ಟೇಪ್ ರೆಕಾರ್ಡರಿನ ಗುಂಡಿ ತಪ್ಪಿ ಒತ್ತಿದರೆ ಹಾಡು ನಿಲ್ಲುತ್ತಿತ್ತು. ಮೊಬೈಲಿನಲ್ಲಿ ತಪ್ಪಿ ಒತ್ತಿದರೆ ಮಗಳ ಮದುವೆಗೆಂದು ಕೂಡಿಟ್ಟ ಹಣ ಮಾಯವಾಗುತ್ತದೆ. 'ಡಿಜಿಟಲ್ ಅರೆಸ್ಟ್' ಎಂಬ ವಂಚನೆಯನ್ನು ಕೇಳಿದ್ದೀರಿ. ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬ ವೀಡಿಯೊ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕರೆ ಕಡಿತಗೊಳಿಸಬೇಡಿ, ಯಾರಿಗೂ ಹೇಳಬೇಡಿ ಎಂದು ಬೆದರಿಸುತ್ತಾನೆ. ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಆಕಾಶವಾಣಿಯಲ್ಲಿ ಹೇಳಬೇಕಾಯಿತು. ನಮ್ಮ ಸಮುದಾಯದ ವೃದ್ಧರೊಬ್ಬರಿಗೆ ಇಂತಹ ಕರೆ ಬಂದರೆ ಅವರ ಭಯ ಇಮ್ಮಡಿಯಾಗಿರುತ್ತದೆ. ಹೆಸರಿನ ಕಾರಣಕ್ಕೇ ಸಂಶಯಕ್ಕೆ ಗುರಿಯಾದವರ, ವರ್ಷಗಟ್ಟಲೆ ಜೈಲಿನಲ್ಲಿದ್ದು ನಿರ್ದೋಷಿಗಳಾಗಿ ಹೊರಬಂದವರ ಸುದ್ದಿಗಳನ್ನು ಅವರು ಓದಿದ್ದಾರೆ. ವಂಚಕನಿಗೆ ಆ ಭಯವೇ ಬಂಡವಾಳ. ಹೀಗಿರುವಾಗ ಅಪರಿಚಿತ ಕರೆಯನ್ನು ಸ್ವೀಕರಿಸದ ಅಜ್ಜ ಹಿಂದುಳಿದವರಲ್ಲ, ಜಾಗರೂಕರು.

ಎರಡನೆಯದು, ಬಲವಂತ. ಹಿಂದೆ ತಂತ್ರಜ್ಞಾನವು ಆಯ್ಕೆಯಾಗಿತ್ತು, ಈಗ ಅದು ಶರತ್ತಾಗಿದೆ. ದಶಕಗಳ ಕಾಲ ಬೀಡಿ ಸುತ್ತಿದ ನಮ್ಮ ತಾಯಂದಿರ ಬೆರಳಿನ ಗೆರೆಗಳು ಸವೆದಿವೆ. ವಯಸ್ಸಾದಂತೆ ಚರ್ಮವೂ ಒಣಗಿ ಯಂತ್ರ ಅವರನ್ನು ಗುರುತಿಸಲು ನಿರಾಕರಿಸುತ್ತದೆ. ಬದುಕಿರುವ ಮನುಷ್ಯ ಕೌಂಟರಿನ ಮುಂದೆ ನಿಂತಿದ್ದರೂ 'ಹೊಂದಾಣಿಕೆಯಾಗುತ್ತಿಲ್ಲ' ಎಂದು ಹಿಂದಕ್ಕೆ ಕಳಿಸುವುದು ಎಂತಹ ನ್ಯಾಯ? ಬೆರಳಚ್ಚು ವಿಫಲವಾದರೆ ಕಣ್ಣಿನ ಪಾಪೆ, ಮುಖ, ಒಟಿಪಿ ಮುಂತಾದ ಪರ್ಯಾಯಗಳಿವೆ. ಸರಕಾರಿ ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಪಡೆಯುವ ವ್ಯವಸ್ಥೆ 2021ರಲ್ಲಿಯೇ ಬಂದಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೇ ಬ್ಯಾಂಕ್ ಸೇವೆ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಇವು ಯಾರೋ ತೋರುವ ಕರುಣೆಯಲ್ಲ, ಹಕ್ಕು. ಇದನ್ನು ಕೇಳಿ ಪಡೆಯುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಹಜ್ಜ್‌ನ ಅರ್ಜಿ ಆನ್‌ಲೈನ್ ಆಗಿದೆ. ಜೀವಮಾನವಿಡೀ ದುಡಿದು ಮದೀನಾ ತಲುಪಿದ ವೃದ್ಧರು ರೌಝಾ ಶರೀಫಿನಲ್ಲಿ ನಮಾಝ್ ನಿರ್ವಹಿಸಲು ನುಸುಕ್ ಆ್ಯಪ್‌ನಲ್ಲಿ ಸಮಯ ಕಾದಿರಿಸಬೇಕು. ವಕ್ಫ್ ವಿಷಯದಲ್ಲಂತೂ ಇದು ಸಮುದಾಯದ ಅಳಿವು ಉಳಿವಿನ ಪ್ರಶ್ನೆಯೇ ಆಯಿತು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಬಳಿಕ ಜೂನ್ 6ರಂದು 'ಉಮೀದ್' ಪೋರ್ಟಲ್ ಆರಂಭಿಸಿ, ಆಸ್ತಿಗಳ ವಿವರ ತುಂಬಲು ಆರು ತಿಂಗಳ ಗಡುವು ವಿಧಿಸಲಾಯಿತು. ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಗಡುವನ್ನು ಸಾರಾಸಗಟಾಗಿ ವಿಸ್ತರಿಸಲು ನಿರಾಕರಿಸಿ, ತೊಂದರೆಯಾದವರು ವಕ್ಫ್ ನ್ಯಾಯಮಂಡಳಿಗೆ ಹೋಗಬಹುದು ಎಂದಿತು. ಸಣ್ಣ ಊರಿನ ಮಸೀದಿ, ಖಬರಸ್ಥಾನಗಳ ಮುತವಲ್ಲಿಗಳು ಬಹುಪಾಲು ವಯಸ್ಸಾದವರು ಎಂಬುದು ಕಾನೂನು ಮಾಡಿದವರಿಗೆ ತಿಳಿಯದ ಸಂಗತಿಯೇ? ಆದರೆ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಯಾವ ಆಸ್ತಿಯನ್ನು ಯಾರು ವಕ್ಫ್ ಮಾಡಿದರು, ಗಡಿಕಲ್ಲು ಎಲ್ಲಿದೆ, ಹಳೆಯ ಉರ್ದು ಪತ್ರದಲ್ಲಿ ಏನಿದೆ ಎಂಬ ಅರಿವು ಹಿರಿಯರ ನೆನಪಿನಲ್ಲೂ ಅವರ ಪೆಟ್ಟಿಗೆಯಲ್ಲೂ ಇತ್ತು. ಅದನ್ನು ಪರದೆಗೆ ಏರಿಸುವ ಕೌಶಲ ಯುವಕರಲ್ಲಿತ್ತು. ಕಂಪ್ಯೂಟರ್ ಬಲ್ಲ ಹುಡುಗನಿಗೆ ಗಡಿ ತಿಳಿಯದು, ಗಡಿ ಬಲ್ಲ ಮುತವಲ್ಲಿಗೆ ಕಂಪ್ಯೂಟರ್ ತಿಳಿಯದು. ಇಬ್ಬರೂ ಜೊತೆಯಾಗಿ ಕುಳಿತರೆ ಮಾತ್ರ ಆ ಕೆಲಸ ಪೂರ್ಣವಾಗುತ್ತದೆ.

ಈಗ ಮನೆಯೊಳಗಿನ ಒಂದು ಕಹಿ ಸತ್ಯವನ್ನು ಹೇಳಬೇಕಾಗಿದೆ. ಅನೇಕ ಮನೆಗಳಲ್ಲಿ ಹಿರಿಯರ ಮೊಬೈಲ್, ಎಟಿಎಂ ಕಾರ್ಡ್, ಪಿನ್ ಸಂಖ್ಯೆ ಎಲ್ಲವೂ ಮಕ್ಕಳ ವಶದಲ್ಲಿರುತ್ತವೆ. ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ನಿಗದಿಯಾಗಿರುವುದು ಮನೆಯ ಯಜಮಾನಿಗೆ. ಅದು ಜಮೆಯಾಯಿತೇ, ಎಷ್ಟು ಉಳಿದಿದೆ, ಯಾರು ತೆಗೆದರು ಎಂದು ಆ ತಾಯಿಗೆ ತಿಳಿಸುವವರಿಲ್ಲ. ಕೇಳಿದರೆ 'ನಿಮಗೆ ಅದೆಲ್ಲ ಅರ್ಥವಾಗುವುದಿಲ್ಲ' ಎಂಬ ಉತ್ತರ. ಹೆತ್ತವರ ಮುಂದೆ ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂದು ಕಲಿಸಿದ ಧರ್ಮದ ಅನುಯಾಯಿಗಳು ನಾವು. ಮೂರನೆಯ ಬಾರಿ ಅದೇ ಪ್ರಶ್ನೆ ಕೇಳಿದ ತಂದೆಯ ಕೈಯಿಂದ ಮೊಬೈಲ್ ಕಸಿದುಕೊಂಡು 'ಕೊಡಿ ಇಲ್ಲಿ' ಎನ್ನುವುದು ಆ ಉದ್ಗಾರಕ್ಕಿಂತ ಕಡಿಮೆಯೇ? ನಮಗೆ ಚಮಚ ಹಿಡಿಯಲು ಕಲಿಸುವಾಗ ಅವರು ಎಷ್ಟು ಬಾರಿ ಹೇಳಿಕೊಟ್ಟಿದ್ದರು?

ಪವಿತ್ರ ಕುರ್‌ಆನ್‌ನ ಸೂರಃ ಅಲ್ ಬಕರದಲ್ಲಿ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ದೀರ್ಘವಾದ ಸೂಕ್ತವಿದೆ. ಸ್ವತಃ ಬರೆಸಲು ಅಶಕ್ತನಾದವನ ಪರವಾಗಿ ಅವನ ಪಾಲಕನು ನ್ಯಾಯದೊಂದಿಗೆ ಬರೆಸಬೇಕೆಂಬ ಆದೇಶ ಅದರಲ್ಲಿದೆ. ಅಶಕ್ತನಿದ್ದಾನೆಂದು ವ್ಯವಹಾರವನ್ನೇ ನಿಲ್ಲಿಸಲು ಹೇಳಿಲ್ಲ, ಪಾಲಕನಿಗೆ ಮನಬಂದಂತೆ ವರ್ತಿಸುವ ಸ್ವಾತಂತ್ರ್ಯವನ್ನೂ ಕೊಟ್ಟಿಲ್ಲ. 'ನ್ಯಾಯದೊಂದಿಗೆ' ಎಂಬ ಶರತ್ತನ್ನು ವಿಧಿಸಲಾಗಿದೆ. ತಾಯಿಯ ಪಿನ್ ಸಂಖ್ಯೆ ಮಗನ ಬಳಿ ಇರುವ ಒಂದು ಅಮಾನತ್. ನಾಳೆ ಅದರ ಲೆಕ್ಕವೂ ಇದೆ.

ಹಿರಿಯರಲ್ಲಿಯೂ ಒಂದು ವಿನಂತಿ. ಹತ್ತು ಮಂದಿಗೆ ಕಳಿಸಿದರೆ ಸಿಹಿ ಸುದ್ದಿ ಬರುತ್ತದೆ ಎಂಬ ಸಂದೇಶಗಳು, ಪ್ರವಾದಿ(ಸ)ರ ಹೆಸರಿನಲ್ಲಿ ಹರಿದಾಡುವ ಆಧಾರವಿಲ್ಲದ ಮಾತುಗಳು, ಎಲ್ಲಿಯೋ ನಡೆದ ಗಲಭೆಯ ಹಳೆಯ ವೀಡಿಯೊಗಳು ಕುಟುಂಬದ ಗುಂಪುಗಳಿಗೆ ಬರುವುದು ಅನೇಕ ಸಲ ನಿಮ್ಮಿಂದಲೇ. ಉದ್ದೇಶ ಒಳ್ಳೆಯದೇ. ಆದರೆ ಸುದ್ದಿ ಬಂದಾಗ ವಿಚಾರಿಸಿ ನೋಡಿರಿ ಎಂಬುದು ಕುರ್‌ಆನ್‌ನ ಆಜ್ಞೆ. ಒಂದು ಹದೀಸನ್ನು ಸ್ವೀಕರಿಸುವ ಮುನ್ನ ಅದನ್ನು ಯಾರು ಯಾರಿಂದ ಕೇಳಿದರು ಎಂದು ಸರಪಳಿಯ ಪ್ರತಿ ಕೊಂಡಿಯನ್ನೂ ಪರಿಶೀಲಿಸಿದ ಪರಂಪರೆ ನಿಮ್ಮದು. ಮೊಬೈಲಿಗೆ ಬಂದ ಸಂದೇಶಕ್ಕೂ ಅದೇ ಪ್ರಶ್ನೆ ಕೇಳಿರಿ: ಇದರ ವರದಿಗಾರ ಯಾರು? 'ಫಾರ್ವರ್ಡ್' ಎಂಬುದು ಸನದ್ ಅಲ್ಲ.

ಕೊನೆಯದಾಗಿ, ನಾವು ಮಾಡಬಹುದಾದ ಕೆಲವು ಸರಳ ಕೆಲಸಗಳಿವೆ. ಜುಮಾ ನಮಾಝಿನ ಬಳಿಕ ಅರ್ಧ ಗಂಟೆ ಮಸೀದಿಯ ಆವರಣದಲ್ಲಿ ಇಬ್ಬರು ಯುವಕರು ಮೇಜು ಹಾಕಿ ಕುಳಿತು ಹಿರಿಯರ ಪ್ರಶ್ನೆಗಳಿಗೆ ಉತ್ತರಿಸಲಿ. ತಾಯಂದಿರಿಗಾಗಿ ಮದ್ರಸದ ಕೋಣೆಯಲ್ಲಿ ಹೆಣ್ಣುಮಕ್ಕಳೇ ಕಲಿಸಲಿ. ಮಾಡಿಕೊಡುವುದಕ್ಕಿಂತ ಮಾಡಿಸುವುದು ಮುಖ್ಯ. ಬೆರಳು ಅವರದ್ದೇ ಇರಲಿ, ಮಾತು ಮಾತ್ರ ನಿಮ್ಮದಿರಲಿ. ಪಿನ್ ಮತ್ತು ಒಟಿಪಿಯನ್ನು ಕಲಿಸುವವರೂ ಕೇಳಬಾರದು. ಹಣದ ತುರ್ತು ಕರೆ ಬಂದಾಗ ಕೇಳಲು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದವಿರಲಿ. ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಿರಿಯರ ಯಾವುದೇ ಸಂಕಷ್ಟಕ್ಕೆ 14567 ಇದೆ. ಈ ಎರಡು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಮನೆಯ ಗೋಡೆಗೆ ಅಂಟಿಸಿರಿ. ಮತ್ತು ಮೋಸ ಹೋದ ಹಿರಿಯರನ್ನು ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿ ಅವರು ವಿಷಯವನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ಪ್ರತಿ ಗಂಟೆಯೂ ಕಳ್ಳನಿಗೆ ಲಾಭ.

ಯುವ ಮಿತ್ರರೇ, ಇಂದು ನಿಮ್ಮ ಬೆರಳ ತುದಿಯಲ್ಲಿರುವುದೆಲ್ಲ ಮೂವತ್ತು ವರ್ಷಗಳ ಬಳಿಕ ಹಳತಾಗುತ್ತದೆ. ಅಂದು ಯಾವುದೋ ಹೊಸ ಯಂತ್ರದ ಮುಂದೆ ನೀವು ತಡಬಡಾಯಿಸುವಿರಿ. ನಿಮ್ಮ ಮಕ್ಕಳು ಅಂದು ಹೇಗೆ ವರ್ತಿಸುತ್ತಾರೆ ಎಂಬುದನ್ನು ಅವರು ಇಂದು ನಿಮ್ಮನ್ನು ನೋಡಿ ಕಲಿಯುತ್ತಿದ್ದಾರೆ.

ಹಿರಿಯರ ಸೇವೆಯನ್ನು ತಾಳ್ಮೆಯಿಂದಲೂ ನ್ಯಾಯದಿಂದಲೂ ನಿರ್ವಹಿಸುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್. ವಸ್ಸಲಾಮ್.