ಬೆಲ್ಟು ಕಿರುಚಿದರೆ ಜೇಬಿಗೆ ಕೈ ಹಾಕುವ ಮೊದಲು

(ರಾಬರ್ಟ್‌ಸನ್‌ಪೇಟೆಯಲ್ಲಿ ಸುತ್ತಲಿನ ಹಳ್ಳಿಗಳ ರೈತರ ಮುಂದೆ ಮಾಡಿದ ಭಾಷಣದ ಬರಹರೂಪ)



ಟೊಮೆಟೊ ಬೆಲೆಯನ್ನು ಮಂಡಿಯಲ್ಲಿ ಇನ್ಯಾರೋ ಕೂಗ್ತಾರೆ. ಸಾಲದ ಕಂತು ಮಾತ್ರ ತಾರೀಖು ತಪ್ಪದೆ ಬರುತ್ತೆ. ಇವೆರಡರ ನಡುವೆ ಅಷ್ಟೋ ಇಷ್ಟೋ ನಮ್ಮ ಕೈಲಿರೋದು ಖರ್ಚು ಒಂದೇ. ಆದ್ದರಿಂದ ಇವತ್ತು ಪವರ್ ಟಿಲ್ಲರಿನ ಬೆಲ್ಟಿನ ವಿಷಯ ಮಾತಾಡ್ತೀನಿ. ಸಾಲಕ್ಕೂ ಬೆಲ್ಟಿಗೂ ಏನು ಸಂಬಂಧ ಅಂತ ನಗಬೇಡಿ.

ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಶುರುವಾಗಿ, ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಟಿಲ್ಲರ್ ಮಾಡಿತು. ಆ ತರಹದ ಹಳೇ ಯಂತ್ರಗಳು ಹಿಪ್ಪುನೇರಳೆ ಸಾಲಿನಲ್ಲಿ, ತರಕಾರಿ ತೋಟದಲ್ಲಿ ಈಗಲೂ ದುಡಿಯುತ್ತಿವೆ. ಅಂಥದ್ದು ಒಂದು ದಿನ ಉಳುಮೆಯಲ್ಲಿ ನಿಂತುಬಿಡುತ್ತೆ. ಎಂಜಿನ್ ಕೂಗುತ್ತೆ, ಚಕ್ರ ಎಳೆಯಲ್ಲ. ಒಬ್ಬರು "ಕ್ಲಚ್ ಹೋಯ್ತು" ಅಂತಾರೆ. ಇನ್ನೊಬ್ಬರು "ಹಳೇದು ಮಾರಿ, ಸಾಲದಲ್ಲಿ ಹೊಸದು ತಗೊಳ್ಳಿ" ಅಂತಾರೆ. ಅಷ್ಟರಲ್ಲಿ ಮಳೆ ಹದ ಹಾರಿಹೋಗಿರುತ್ತೆ. ಎಷ್ಟೋ ಸಲ ಕೆಟ್ಟಿರೋದು ಬೆಲ್ಟು ಮಾತ್ರ.

ಮೊದಲು ರೋಗ ಯಾವುದು ಅಂತ ತಿಳಿಯಬೇಕು. ಯಂತ್ರಕ್ಕೆ ಭಾರ ಬಿದ್ದಾಗ ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ಕ್ಲಚ್ಚಿನ ಪುಲ್ಲಿ ನೋಡಲಿ. ಎಂಜಿನ್ ಓಡ್ತಿದ್ದು ಆ ಪುಲ್ಲಿ ನಿಧಾನವಾದರೆ ಅಥವಾ ನಿಂತರೆ ಬೆಲ್ಟು ಜಾರ್ತಿದೆ. ಪುಲ್ಲಿ ಚೆನ್ನಾಗಿ ತಿರುಗ್ತಿದ್ದು ಚಕ್ರ ನಿಂತರೆ ಆಗ ಕ್ಲಚ್ಚಿನ ಮಾತು. ರಬ್ಬರ್ ಸುಟ್ಟ ವಾಸನೆ, ಕವರಿನೊಳಗೆ ಕಪ್ಪು ಪುಡಿ, ಕಿರುಚೋ ಶಬ್ದ ಇವೂ ಬೆಲ್ಟಿನ ಕಡೆಗೇ ಬೆರಳು ತೋರಿಸ್ತವೆ.

ಆಮೇಲೆ ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಕವರ್ ಬಿಚ್ಚಿ. ಎಂಜಿನ್ ಓಡುವಾಗ ಬೆಲ್ಟಿನ ಹತ್ತಿರ ಟವಲು, ಪಂಚೆ, ಕೈ ಯಾವುದೂ ಸುಳಿಯಬಾರದು. ಬೆಲ್ಟನ್ನು ಕೈಲಿ ಹಿಡಿದು ತಿರುಗಿಸಿ ನೋಡಿದರೆ ಅದೇ ಕಥೆ ಹೇಳುತ್ತೆ.

ಪಕ್ಕಗಳು ಕನ್ನಡಿ ಹಾಗೆ ಹೊಳೀತಾ ಗಟ್ಟಿಯಾಗಿದ್ದರೆ ಸಡಿಲವಾಗಿ ಜಾರಿ ಕಾದಿದೆ. ಒಂದೇ ಪಕ್ಕ ಸವೆದಿದ್ದರೆ ಎರಡು ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಒಳಮೈಯಲ್ಲಿ ಅಡ್ಡ ಬಿರುಕು ಬಂದಿದ್ದರೆ ವಯಸ್ಸು, ಬಿಸಿ ಎರಡೂ ಆಗಿದೆ. ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆ ಕುಡಿದಿದೆ. ಆಯಿಲ್ ಸೀಲೋ ಡೀಸೆಲ್ ಪೈಪೋ ಎಲ್ಲಿ ಸೋರ್ತಿದೆ ಅಂತ ಹುಡುಕದೆ ಹೊಸ ಬೆಲ್ಟು ಹಾಕಿದರೆ ಅದೂ ಹಾಗೇ ಹಾಳಾಗುತ್ತೆ.

ಇದರ ಗುಟ್ಟು ಇಷ್ಟೆ: ವಿ-ಬೆಲ್ಟು ಹಿಡಿಯೋದು ಎರಡು ಪಕ್ಕಗಳಿಂದ, ತಳದಿಂದಲ್ಲ. ಪುಲ್ಲಿಯ ಗಾಡಿ ಸವೆದು ಬೆಲ್ಟಿನ ತಳ ತಾಗಿದರೆ, ಎಷ್ಟು ಬಿಗಿದರೂ ಜಾರುತ್ತೆ. ಗಾಡಿಯ ತಳ ಹೊಳೀತಿದ್ದರೆ, ಹೊಸ ಬೆಲ್ಟೂ ಅಂಚಿಗಿಂತ ಕೆಳಗೆ ಇಳಿದು ಕೂತರೆ ಪುಲ್ಲಿಯನ್ನೇ ಬದಲಾಯಿಸಬೇಕು.

ನೇರ ನೋಡೋಕೆ ಒಂದು ದಾರ ಸಾಕು. ಎರಡು ಪುಲ್ಲಿಗಳ ಮುಖಕ್ಕೂ ಅಡ್ಡವಾಗಿ ಬಿಗಿಯಾಗಿ ಹಿಡಿಯಿರಿ. ಅಂಚುಗಳ ದಪ್ಪ ಒಂದೇ ಇದ್ದರೆ ನಾಲ್ಕು ಕಡೆಯೂ ತಾಗಬೇಕು.

ಬಿಗಿಯ ಲೆಕ್ಕ ಯಂತ್ರದ ಜೊತೆ ಬಂದ ಪುಸ್ತಕದಲ್ಲಿರುತ್ತೆ. ಪುಸ್ತಕ ಕಳೆದಿದ್ದರೆ, ಪೂರ್ತಿ ಭಾರದಲ್ಲಿ ಜಾರದಷ್ಟೇ ಬಿಗಿ ಸಾಕು. ಟೆನ್ಷನ್ ಪುಲ್ಲಿ ಇದ್ದರೆ ಅದನ್ನು ಸರಿಸಿ. ಇಲ್ಲದಿದ್ದರೆ ಎಂಜಿನ್ ಬುಡದ ಬೋಲ್ಟು ಸಡಿಲಿಸಿ ಎಂಜಿನ್ನನ್ನೇ ಸರಿಸಬೇಕು. ಅತಿ ಬಿಗಿದರೆ ಬೇರಿಂಗು ಹೋಗುತ್ತೆ, ಅದು ಬೆಲ್ಟಿಗಿಂತ ದುಬಾರಿ. ರಾಳ, ಸೋಪು ಹಚ್ಚೋದು ಬೇಡ. ಗಳಿಗೆ ಹೊತ್ತು ಕಿರುಚಾಟ ನಿಲ್ಲಬಹುದು, ರೋಗ ಹೋಗಲ್ಲ.

ಇನ್ನು ದುಡ್ಡಿನ ಮಾತು. ಮೂರು ಬೆಲ್ಟಿನಲ್ಲಿ ಒಂದು ಹರಿದರೆ ಒಂದನ್ನೇ ತರ್ತೀವಿ, ಉಳಿತಾಯ ಅಂದ್ಕೊಂಡು. ಹಳೇವು ಹಿಗ್ಗಿರ್ತವೆ, ಹೊಸದು ಬಿಗಿ. ಭಾರವೆಲ್ಲ ಹೊಸದರ ಮೇಲೇ ಬಿದ್ದು ಅದು ಬೇಗ ಸಾಯುತ್ತೆ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅನ್ನೋ ಹಾಗೆ. ಪೂರ್ತಿ ಜೊತೆಯನ್ನೇ ತನ್ನಿ. ಬೆಲ್ಟಿನ ಮೇಲಿನ ಅಕ್ಷರ, ಅಂಕಿ ಬರಕೊಂಡು ಅಂಗಡಿಗೆ ಹೋಗಿ. ಎ ಅಂದ್ರೆ ಮೇಲಿನ ಅಗಲ 13 ಮಿಲಿಮೀಟರ್, ಬಿ ಅಂದ್ರೆ 17. ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಎಲ್ಲಕ್ಕೂ ಒಂದೇ ಕಂಪನಿ, ಒಂದೇ ನಂಬರು ಇರಲಿ. ಬಿಲ್ಲು ಕೇಳಿ ತಗೊಳ್ಳಿ.

ಹಾಕುವಾಗ ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬೇಡಿ. ಒಳಗಿನ ದಾರ ಕಿತ್ತು, ಬೆಲ್ಟು ಕೆಲವೇ ದಿನದಲ್ಲಿ ಹರಿಯುತ್ತೆ. ಮೊದಲು ಸಡಿಲಿಸಿ, ಆಮೇಲೆ ಕೂರಿಸಿ. ಹೊಸ ಬೆಲ್ಟು ಸ್ವಲ್ಪ ಹಿಗ್ಗುತ್ತೆ, ಕೆಲವು ಗಂಟೆ ಓಡಿದ ಮೇಲೆ ಮತ್ತೆ ಬಿಗಿ ನೋಡಬೇಕು.

ಇದು ಯಂತ್ರ ಗೊತ್ತಿಲ್ಲದ ಸೀಮೆಯಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಆದರೆ ಗಣಿಯಲ್ಲಿ, ಬೆಮೆಲ್‌ನಲ್ಲಿ ಕೈ ಪಳಗಿಸಿಕೊಂಡವರ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಂಥವರನ್ನು ಕರೆದು, ಮಳೆಗೆ ಮುಂಚೆ ಊರಿನ ಟಿಲ್ಲರುಗಳನ್ನೆಲ್ಲ ಒಂದು ಕಡೆ ನಿಲ್ಲಿಸಿ ನೋಡಿಸಿ. ಒಂದೇ ಮಾದರಿ ಇರುವ ನಾಲ್ಕೈದು ಜನ ಸೇರಿ ಒಂದು ಜೊತೆ ಬೆಲ್ಟು ತಂದಿಡಿ. ಬಿಸಿಲು, ಎಣ್ಣೆ ತಾಗದ ಕಡೆ ಇರಲಿ. ಬೆಲ್ಟಿಗಾಗಿ ಬಿತ್ತನೆ ನಿಲ್ಲಬಾರದು. ಬೆಲ್ಟು ಮಾತ್ರ ಕೆಟ್ಟಿರುವಾಗ ಯಾರೂ ಹೊಸ ಯಂತ್ರದ ಸಾಲಕ್ಕೆ ಹೆಬ್ಬೆಟ್ಟು ಒತ್ತಬಾರದು.