ಕಾಲೆಳೆಯುವ ಗೆಳೆಯ

ಅರಿಶಿನ ಬೆಳೆಯುವ ಉಡಿಗಾಲದಂಥ ಊರಿನ ಟೀ ಅಂಗಡಿಯ ಮುಂದೆ ಬೆಳಿಗ್ಗೆ ಒಂದರೆಗಳಿಗೆ ನಿಲ್ಲಿ. “ಏನ್ಲಾ, ಹೊಸ ಅಂಗಿ! ಹೆಣ್ಣು ನೋಡಕ್ಕೆ ಹೊಂಟಿದ್ದೀಯಾ?” ಎಂದು ಒಬ್ಬ ಕೆಣಕುತ್ತಾನೆ. “ನಿನ್ನೂ ಕರ್ಕಂಡು ಹೋಗ್ಬೋದಿತ್ತು, ನಿನ್ನ ಮೀಸೆ ನೋಡಿ ಹೆಣ್ಣು ಹೆದರಿಬುಟ್ರೆ?” ಎನ್ನುತ್ತಾನೆ ಇನ್ನೊಬ್ಬ. ಬೆಂಚೆಲ್ಲ ನಗು.

ಒಟ್ಟಿಗೆ ಮನಸಾರೆ ನಕ್ಕವರು ನೋವನ್ನು ಹೆಚ್ಚು ತಾಳಿಕೊಳ್ಳುತ್ತಾರೆ ಎಂದು ಆಕ್ಸ್‌ಫರ್ಡ್‌ನ ಸಂಶೋಧಕ ರಾಬಿನ್ ಡನ್ಬಾರ್ ಅವರ ತಂಡ 2011ರಲ್ಲಿ ಪ್ರಕಟಿಸಿತು. ನಗುವಾಗ ಮಿದುಳಿನಲ್ಲಿ ಒಸರುವ ಎಂಡಾರ್ಫಿನ್ ಎಂಬ ರಾಸಾಯನಿಕ ಇದಕ್ಕೆ ಕಾರಣವಿರಬೇಕು ಎಂಬುದು ಅವರ ವಿವರಣೆ. ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಆ ಕೆಣಕುವವನ ಎಚ್ಚರ. ಅಂಗಿ, ಮೀಸೆ, ನಡಿಗೆ ಯಾವುದನ್ನೂ ಬಿಡದವನು ಗೆಳೆಯನ ಸಾಲದ ಸುದ್ದಿಗೆ ಮಾತ್ರ ಹೋಗುವುದಿಲ್ಲ. ಎಲ್ಲಿ ಮುಟ್ಟಿದರೆ ನೋಯುತ್ತದೆಂದು ಅವನಿಗೆ ಗೊತ್ತು. ಅದಕ್ಕೇ ಅರಿಶಿನದ ಬೆಲೆ ಬಿದ್ದ ವರ್ಷ ಗೆಳೆಯ ಕೈಸಾಲ ಕೇಳಲು ಮೊದಲು ಹೋಗುವುದು ಇವನ ಮನೆಗೇ.