ಬೆನ್ನು ನೆಲಕ್ಕೆ ತಾಗಿದ ಮೇಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮಕ್ಕಳಿಗೆ ಉಪಯೋಗವಾಗುವ ಎರಡು ಮಾತು ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ನನ್ನ ಆಫೀಸಿನ ಕೆಲಸದ ಬಗ್ಗೆ ಹೇಳಿದರೆ ಊಟಕ್ಕೆ ಮೊದಲೇ ನಿಮಗೆ ನಿದ್ದೆ ಬರುತ್ತದೆ. ಅದಕ್ಕೇ, ಒಂದು ವರ್ಷದಿಂದ ಬೆಂಗಳೂರಿನಲ್ಲಿ ನಾನು ಕಲಿಯುತ್ತಿರುವ ಒಂದು ಬಗೆಯ ಕುಸ್ತಿಯ ವಿಷಯ ಹೇಳುತ್ತೇನೆ. ಅದರ ಹೆಸರು ಬ್ರೆಜಿಲಿಯನ್ ಜಿಯು ಜಿತ್ಸು. ಸೇರಿದಾಗ ನನಗೆ 41 ವರ್ಷ, ತೂಕ 82 ಕೆ.ಜಿ.

ಈ ವಿದ್ಯೆಯ ಬೇರು ಜಪಾನಿನಲ್ಲಿದೆ. 1882ರಲ್ಲಿ ಟೋಕಿಯೊದಲ್ಲಿ ಜಿಗೊರೊ ಕಾನೊ ಎಂಬ ಗುರುಗಳು ಹಳೆಯ ಪಟ್ಟುಗಳನ್ನು ಸೋಸಿ ಜೂಡೊ ಕಟ್ಟಿದರು. ಅವರ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಾಯೆದಾ ದೇಶದೇಶ ಸುತ್ತಿ 1914ರಲ್ಲಿ ಬ್ರೆಜಿಲ್ ತಲುಪಿದರು. ಅವರಿಂದ ಕಾರ್ಲೊಸ್ ಗ್ರೇಸಿ ಕಲಿತರು. ಕಾರ್ಲೊಸ್‌ರ ತಮ್ಮ ಹೆಲಿಯೊ ಸಣಕಲು ಮೈಯವರು. ಎದುರಾಳಿಯನ್ನು ಎತ್ತಿ ಎಸೆಯುವ ಕಸುವಿಲ್ಲದವನು ನೆಲದ ಮೇಲೆ ಹೇಗೆ ಹೋರಾಡಬೇಕು ಎಂಬ ಕಡೆಗೆ ಈ ಮನೆತನ ವಿದ್ಯೆಯನ್ನು ಬೆಳೆಸಿತು.

ನಮ್ಮ ಹಿರಿಯರಿಗೆ ಗರಡಿ ಗೊತ್ತು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಜಿಯು ಜಿತ್ಸುವಿನಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೂ ಆಟ ಇದೆ. ಕೆಳಗೆ ಮಲಗಿದವನು ಎರಡು ಕಾಲುಗಳಿಂದ ಮೇಲಿನವನ ಸೊಂಟವನ್ನು ಬಂಧಿಸಬಹುದು, ಮಗುಚಬಹುದು, ಕೈಯನ್ನೋ ಕುತ್ತಿಗೆಯನ್ನೋ ಹಿಡಿದು ಗೆಲ್ಲಲೂಬಹುದು. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದು ನಾನು ಹೇಳುತ್ತಿಲ್ಲ. ಎರಡರ ನಿಯಮ ಬೇರೆ, ಅಷ್ಟೆ.

ಮೊದಲ ವಾರ ಕಲಿಸಿದ್ದು ಬೀಳುವುದನ್ನು, ಉರುಳುವುದನ್ನು, ಸಿಗಡಿಯ ಹಾಗೆ ಮೈ ಮಡಚಿ ಸೊಂಟವನ್ನು ಹಿಂದಕ್ಕೆ ಜಾರಿಸುವುದನ್ನು. ಆಮೇಲೆ ಜೋಡಿ ಹಾಕಿದರು. ನನ್ನ ಜೋಡಿ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ. ನನಗಿಂತ 25 ಕೆ.ಜಿ. ಹಗುರ. ನನ್ನದು ಬಿಳಿ ಬೆಲ್ಟು, ಆಕೆಯದು ಅದರ ಮುಂದಿನ ನೀಲಿ. ಕೈಗೆ ಕೈ ತಟ್ಟಿ ಶುರು ಮಾಡಿದೆವು. ಹೊಸಬರೆಲ್ಲ ಮಾಡುವಂತೆ ನಾನೂ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಇದ್ದಬದ್ದ ಬಲವನ್ನೆಲ್ಲ ಹಾಕಿದೆ. ಒಂದು ನಿಮಿಷಕ್ಕೆ ತೋಳು ಸೋತುಹೋಯಿತು. ಆಕೆ ಮಾತ್ರ ತಣ್ಣಗೆ, “ಅಂಕಲ್, ಉಸಿರಾಡಿ” ಎಂದಳು. ಅಷ್ಟರಲ್ಲಿ ನನ್ನ ಕುತ್ತಿಗೆ ಆಕೆಯ ತೋಳಿನೊಳಗಿತ್ತು. ಐದು ನಿಮಿಷದ ಆ ಸುತ್ತಿನಲ್ಲಿ ನಾನು ನಾಲ್ಕು ಸಲ ತಟ್ಟಿದೆ.

ತಟ್ಟುವುದು ಎಂದರೆ ಏನು ಎಂದು ಹೇಳಬೇಕು. ಪಟ್ಟಿನಿಂದ ಬಿಡಿಸಿಕೊಳ್ಳಲು ಆಗುವುದಿಲ್ಲ ಎಂದು ಗೊತ್ತಾದಾಗ ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಮೂರು ಸಲ ತಟ್ಟಬೇಕು. ಕೈ ಸಿಕ್ಕಿಹಾಕಿಕೊಂಡಿದ್ದರೆ ಬಾಯಲ್ಲಿ ಹೇಳಿದರೂ ಆಯಿತು. ಎದುರಾಳಿ ಆ ಕ್ಷಣವೇ ಬಿಡಬೇಕು. ಬಿಟ್ಟ ಮೇಲೆ ಇಬ್ಬರೂ ಕೈ ತಟ್ಟಿ ಮತ್ತೆ ಶುರು ಮಾಡುತ್ತಾರೆ. ಈ ವಿದ್ಯೆ ನಿಂತಿರುವುದೇ ಈ ನಂಬಿಕೆಯ ಮೇಲೆ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತಿಹೋದರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಮಕ್ಕಳೇ, ಗುರುಗಳಿಲ್ಲದೆ ಇದನ್ನು ಶಾಲೆಯ ಮೈದಾನದಲ್ಲಿ ಗೆಳೆಯರ ಮೇಲೆ ಖಂಡಿತ ಪ್ರಯೋಗ ಮಾಡಬೇಡಿ.

ಹೆಲಿಯೊ ಗ್ರೇಸಿಯವರೇ ಒಮ್ಮೆ ತಟ್ಟಲಿಲ್ಲ. 1951ರಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ ಅವರ ತೋಳು ತಿರುವಿದರು. ಆದರೂ ಹೆಲಿಯೊ ಒಪ್ಪಲಿಲ್ಲ. ಕೊನೆಗೆ ಅವರ ಕಡೆಯವರೇ ಪಂದ್ಯ ನಿಲ್ಲಿಸಿದರು. ಆ ಪಟ್ಟನ್ನು ಇಂದಿಗೂ ‘ಕಿಮುರಾ’ ಎಂದೇ ಕರೆಯುತ್ತಾರೆ. ಗೆದ್ದವರ ಹೆಸರನ್ನು ಸೋತವರ ಶಿಷ್ಯರು ಪಾಠವಾಗಿ ಉಳಿಸಿಕೊಂಡಿದ್ದಾರೆ. ಹೆಲಿಯೊ ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ದಿನಾ ಕಲಿಯಲು ಬರುವವನಿಗೆ ಕೈ ಉಳಿಯಬೇಕು. ಇವತ್ತು ತಟ್ಟಿದವನು ನಾಳೆ ಬರುತ್ತಾನೆ.

ಇದನ್ನೆಲ್ಲ ಇಲ್ಲಿ ಹೇಳುವುದಕ್ಕೆ ಕಾರಣವಿದೆ. ತರಗತಿಯಲ್ಲಿ ಲೆಕ್ಕ ಅರ್ಥವಾಗದೆ ತಲೆ ತಗ್ಗಿಸಿ ಕೂರುವ ಮಗುವಿದೆಯಲ್ಲ, ಅದು ಉಸಿರು ಬಿಗಿಹಿಡಿದು ಕೂತಿರುವ ಮಗು. “ಸಾರ್, ಗೊತ್ತಾಗಲಿಲ್ಲ” ಎನ್ನುವುದೂ ತಟ್ಟುವುದೇ. ತಟ್ಟಿದ ಕೂಡಲೇ ಬಿಡುವುದು ಎದುರಿಗಿರುವವರ ಧರ್ಮ. ಆ ಮಗು ಬಾಯಿ ಬಿಟ್ಟಾಗ ಯಾರೂ ನಗಬಾರದು, ಮತ್ತೆ ಮೊದಲಿನಿಂದ ಹೇಳಿಕೊಡಬೇಕು. ಈ ಶಾಲೆಯಲ್ಲಿ ಹಾಗೆ ಹೇಳಿಕೊಟ್ಟ ಗುರುಗಳು ಇಲ್ಲೇ ಕುಳಿತಿದ್ದಾರೆ.

ಇನ್ನೊಂದು ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಮಗುವಿನ ಬೆನ್ನು ನೆಲಕ್ಕೆ ತಾಗಿದೆ, ಅಷ್ಟೆ. ಆದರೆ ನಾವು ಚಿತ್ ಆಯಿತು ಎಂದು ತೀರ್ಮಾನ ಮಾಡಿಬಿಡುತ್ತೇವೆ. ಹುಡುಗನನ್ನು ಕೆಲಸಕ್ಕೆ ಕಳಿಸುತ್ತೇವೆ, ಹುಡುಗಿಗೆ ಗಂಡು ನೋಡುತ್ತೇವೆ. ಫಲಿತಾಂಶ ಬಂದ ದಿನ ಆ ಮನೆಗೆ ಯಾರೂ ಹೋಗುವುದಿಲ್ಲ. ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದ್ದೇ ಇದೆ. ಜೊತೆಗೆ ಕೂತು ಓದಿಸುವವರು ಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಮನವಿ ಇಷ್ಟೇ. ಕಟ್ಟಡಕ್ಕೆ ದೇಣಿಗೆ ಕೊಡೋಣ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಮುಂದಿನ ಫಲಿತಾಂಶದ ದಿನ ಊರಿನಲ್ಲಿರುವವರು ಪಾಸಾಗದ ಮಕ್ಕಳ ಮನೆಗೆ ಹೋಗಿ. ಗಣಿತ, ಇಂಗ್ಲಿಷ್, ವಿಜ್ಞಾನ ಬಲ್ಲವರು ಹೆಸರು ಕೊಡಿ. ಬೆಂಗಳೂರಿನಿಂದ ವಾರಕ್ಕೊಮ್ಮೆ ಬಂದು ಗಣಿತ ಹೇಳಿಕೊಡುವ ಜವಾಬ್ದಾರಿ ನನ್ನದು. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.